ಗೆದ್ದ ಬಂದೂಕು ಬೇಡವೆಂದಿತು ಸೇನೆ: ಅಮೆರಿಕದ ಎಂ1 ರೈಫಲ್ ರೂಪಿಸಿದ ಜಾನ್ ಗ್ಯಾರಂಡ್ ಬದುಕಿನ ಕಥೆ

1932ರ ಫೆಬ್ರವರಿ 25. ಅಮೆರಿಕದ ಯುದ್ಧ ಇಲಾಖೆಯಿಂದ ಒಂದು ಆದೇಶ ಹೊರಬಿತ್ತು. ಸೇನೆಗೆಂದು ಸಿದ್ಧವಾಗುತ್ತಿದ್ದ ಹೊಸ ಅರೆ ಸ್ವಯಂಚಾಲಿತ ರೈಫಲ್‌ನ .276 ಕ್ಯಾಲಿಬರ್ ಮಾದರಿಯ ಕೆಲಸವನ್ನೆಲ್ಲ ತಕ್ಷಣ ನಿಲ್ಲಿಸಬೇಕು, ಇನ್ನೇನಿದ್ದರೂ .30 ಕ್ಯಾಲಿಬರ್ ರೈಫಲ್ ಕಡೆಗೇ ಗಮನ ಕೊಡಬೇಕು ಎಂಬುದು ಅದರ ಸಾರ.

ವಿಚಿತ್ರವೆಂದರೆ, ಅದಕ್ಕೆ ಏಳು ವಾರ ಮೊದಲಷ್ಟೇ ಸೇನೆಯ ಪರೀಕ್ಷಾ ಮಂಡಳಿ ಅದೇ .276 ರೈಫಲ್ ಅನ್ನು ಆರಿಸಬೇಕೆಂದು ಶಿಫಾರಸು ಮಾಡಿತ್ತು. ಎದುರಾಳಿಗಳನ್ನೆಲ್ಲ ಹಿಂದಿಕ್ಕಿ ಗೆದ್ದ ಬಂದೂಕು ಅದು. .30 ಮಾದರಿಯಾದರೋ ಕೆಲವೇ ತಿಂಗಳ ಹಿಂದೆ ಪರೀಕ್ಷೆಯ ನಡುವೆ ಬಿರುಕುಬಿಟ್ಟು ಹೊರಬಿದ್ದಿತ್ತು.

ಎರಡೂ ಬಂದೂಕುಗಳನ್ನು ಮಾಡಿದ್ದು ಒಬ್ಬರೇ. ಅವರೇ ಜಾನ್ ಗ್ಯಾರಂಡ್. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಲಕ್ಷಾಂತರ ಸೈನಿಕರ ಕೈಯಲ್ಲಿದ್ದ ಎಂ1 ಗ್ಯಾರಂಡ್ ರೈಫಲ್‌ನ ಜನಕ. ಒಂದು ಬಂದೂಕಿಗೆ ಎಷ್ಟು ದಪ್ಪದ ಗುಂಡು, ಎಷ್ಟು ಉದ್ದದ ನಳಿಕೆ ಎಂಬ ಎರಡು ಸರಳ ಪ್ರಶ್ನೆಗಳ ಸುತ್ತ ಅವರ ಬದುಕಿನ ಬಹುಪಾಲು ಕಳೆದುಹೋಯಿತು.

ಹತ್ತಿ ಗಿರಣಿಯ ಕಸ ಗುಡಿಸುತ್ತಿದ್ದ ಹುಡುಗ

ಜಾನ್ ಕ್ಯಾಂಟಿಯಸ್ ಗ್ಯಾರಂಡ್ ಹುಟ್ಟಿದ್ದು 1888ರ ಜನವರಿ 1ರಂದು, ಕೆನಡಾದ ಕ್ವಿಬೆಕ್ ಪ್ರಾಂತ್ಯದ ಸೇಂಟ್ ರೆಮಿ ಬಳಿಯ ಒಂದು ಹೊಲಮನೆಯಲ್ಲಿ. ಮನೆಮಾತು ಫ್ರೆಂಚ್. ಒಟ್ಟು 12 ಮಕ್ಕಳ ದೊಡ್ಡ ಕುಟುಂಬ. 1899ರಲ್ಲಿ ತಾಯಿ ತೀರಿಕೊಂಡಾಗ ಜಾನ್‌ಗೆ 11 ವರ್ಷ. ತಂದೆ ಮಕ್ಕಳನ್ನು ಕರೆದುಕೊಂಡು ಗಡಿ ದಾಟಿ ಅಮೆರಿಕದ ಕನೆಕ್ಟಿಕಟ್ ರಾಜ್ಯದ ಜ್ಯೂವೆಟ್ ಸಿಟಿಗೆ ಬಂದರು.

ಆ ಊರಿನಲ್ಲಿ ಬಟ್ಟೆ ಗಿರಣಿಗಳಿದ್ದವು. ಹೊಟ್ಟೆಪಾಡಿಗೆ ಮಕ್ಕಳೂ ಗಿರಣಿ ಸೇರಿದರು. ಜಾನ್‌ಗೆ ಸಿಕ್ಕಿದ್ದು ನೆಲ ಗುಡಿಸುವ ಕೆಲಸ. ಇಂಗ್ಲಿಷ್ ಕಲಿತದ್ದೂ ಅಲ್ಲೇ, ಪೊರಕೆ ಹಿಡಿದುಕೊಂಡೇ. ಶಾಲೆಯ ಓದು ಅಲ್ಲಿಗೆ ನಿಂತಿತು. ಆದರೆ ಸುತ್ತಮುತ್ತ ಗಡಗಡ ತಿರುಗುವ ಯಂತ್ರಗಳು ಹುಡುಗನನ್ನು ಸೆಳೆದವು. ಯಾವ ಚಕ್ರ ಯಾವುದನ್ನು ತಿರುಗಿಸುತ್ತದೆ, ಎಲ್ಲಿ ಸಿಕ್ಕಿಕೊಳ್ಳುತ್ತದೆ, ಹೇಗೆ ಬಿಡಿಸಬೇಕು ಎಂಬುದನ್ನು ನೋಡುತ್ತಲೇ ಕಲಿತ. 1909ರ ಹೊತ್ತಿಗೆ ಅದೇ ಗಿರಣಿಯಲ್ಲಿ ಮೆಕ್ಯಾನಿಕ್ ಆದ.

ಬಂದೂಕಿನ ಗೀಳು ಹತ್ತಿದ್ದು ಗುರಿಯಿಟ್ಟು ಹೊಡೆಯುವ ಆಟದಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಗ. ಜಾತ್ರೆಯಲ್ಲಿ ಬಲೂನಿಗೆ ಗುರಿಯಿಡುವ ಅಂಗಡಿಗಳಿರುತ್ತವಲ್ಲ, ಸುಮಾರಾಗಿ ಅಂಥದ್ದೇ. ಮುಂದೆ ಪ್ರಾವಿಡೆನ್ಸ್‌ನ ಬ್ರೌನ್ ಅಂಡ್ ಶಾರ್ಪ್ ಎಂಬ ಹೆಸರಾಂತ ಉಪಕರಣ ತಯಾರಿಕಾ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದೆ ಲೋಹ ಕೊರೆಯುವ ಕಸುಬು ಅಲ್ಲಿ ಕೈಗೆ ಹತ್ತಿತು. 1916ರಲ್ಲಿ ನ್ಯೂಯಾರ್ಕ್‌ಗೆ ಬಂದ ಮೇಲೆ ಬಿಡುವಿದ್ದಾಗಲೆಲ್ಲ ಬ್ರಾಡ್‌ವೇ ಬೀದಿಯ ಶೂಟಿಂಗ್ ಅಂಗಡಿಗಳಿಗೆ ಹೋಗಿ ಗುರಿ ಅಭ್ಯಾಸ ಮಾಡುತ್ತಿದ್ದರು.

ಸರ್ಕಾರಿ ಕೆಲಸದ ಬಾಗಿಲು ತೆರೆದದ್ದು ಹೀಗೆ

1917ರಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿಯಿತು. ಹಗುರ ಮೆಷಿನ್ ಗನ್ ವಿನ್ಯಾಸಗಳಿಗಾಗಿ ಸೇನೆ ಹುಡುಕಾಟ ನಡೆಸಿತ್ತು. ಗ್ಯಾರಂಡ್ ಕಳುಹಿಸಿದ ವಿನ್ಯಾಸ ಅಧಿಕಾರಿಗಳ ಗಮನ ಸೆಳೆಯಿತು. ಅದನ್ನು ಪೂರ್ಣಗೊಳಿಸಲು ವಾಷಿಂಗ್ಟನ್‌ನ ಸರ್ಕಾರಿ ಸಂಸ್ಥೆ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿ ಕೆಲಸ ಕೊಟ್ಟರು. ಮೊದಲ ಮಾದರಿ ತಯಾರಾಗುವಷ್ಟರಲ್ಲಿ 1919 ಬಂದಿತ್ತು, ಯುದ್ಧ ಮುಗಿದುಹೋಗಿತ್ತು.

ಮೆಷಿನ್ ಗನ್ ಬೇಡವಾಯಿತು, ಆದರೆ ಮನುಷ್ಯ ಬೇಕಿದ್ದರು. ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಆರ್ಮರಿ ಎಂಬ ಸರ್ಕಾರಿ ಬಂದೂಕು ಕಾರ್ಖಾನೆಗೆ ಗ್ಯಾರಂಡ್ ಅವರನ್ನು ಕಳುಹಿಸಲಾಯಿತು. 1920ರಲ್ಲಿ ಅಮೆರಿಕದ ಪೌರತ್ವ ಪಡೆದರು. 1953ರಲ್ಲಿ ನಿವೃತ್ತಿಯಾಗುವವರೆಗೂ ಅದೇ ಕಾರ್ಖಾನೆ, ಅದೇ ನೌಕರಿ.

ಒಪ್ಪಿಸಿದ ಕೆಲಸ ಹೇಳಲು ಸುಲಭವಾಗಿತ್ತು. ಆಗಿನ ಸೈನಿಕನ ಕೈಯಲ್ಲಿದ್ದದ್ದು 1903ರ ಸ್ಪ್ರಿಂಗ್‌ಫೀಲ್ಡ್ ರೈಫಲ್. ಪ್ರತಿ ಗುಂಡು ಹಾರಿಸಿದ ಮೇಲೆ ಬೋಲ್ಟ್ ಹಿಡಿಯನ್ನು ಎತ್ತಿ, ಎಳೆದು, ತಳ್ಳಿ, ಇಳಿಸಬೇಕು. ಅಷ್ಟರಲ್ಲಿ ಗುರಿ ತಪ್ಪಿರುತ್ತದೆ. ಟ್ರಿಗರ್ ಎಳೆದಾಗಲೊಂದು ಗುಂಡು ಹೋಗಿ, ಖಾಲಿ ಕಾಡತೂಸು ತಾನಾಗಿ ಹೊರಬಿದ್ದು, ಮುಂದಿನದು ತಾನಾಗಿ ಒಳಸೇರುವ ಬಂದೂಕು ಬೇಕಿತ್ತು. ಅದಕ್ಕೇ ಅರೆ ಸ್ವಯಂಚಾಲಿತ ಎಂದು ಹೆಸರು. ಜೊತೆಗೆ ಅದು ಹಗುರವಾಗಿರಬೇಕು, ಕೆಸರು ಮಣ್ಣಿನಲ್ಲೂ ನಡೆಯಬೇಕು, ಲಕ್ಷಗಟ್ಟಲೆ ತಯಾರಿಸುವಂತಿರಬೇಕು. ಇದಕ್ಕೆ ಹಿಡಿದದ್ದು 15 ವರ್ಷಕ್ಕೂ ಹೆಚ್ಚು.

ಗುಂಡು ಬದಲಾಯಿತು, ಬಂದೂಕೂ ಬದಲಾಗಬೇಕಾಯಿತು

ಗ್ಯಾರಂಡ್ ಅವರ ಮೊದಲ ಉಪಾಯ ಜಾಣತನದ್ದು. ಕಾಡತೂಸಿನ ಹಿಂಬದಿಯಲ್ಲಿ ಪುಟ್ಟ ಬಟ್ಟಲಿನಂಥ ಪ್ರೈಮರ್ ಇರುತ್ತದೆ. ಅದಕ್ಕೆ ಪೆಟ್ಟು ಬಿದ್ದಾಗಲೇ ಮದ್ದಿಗೆ ಬೆಂಕಿ ಹತ್ತುವುದು. ಸಿಡಿದಾಗ ಆ ಪ್ರೈಮರ್ ತುಸುವೇ ಹಿಂದಕ್ಕೆ ಸರಿಯುತ್ತದೆ. ಆ ಚಿಕ್ಕ ಚಲನೆಯನ್ನೇ ಹಿಡಿದು ಬೋಲ್ಟಿನ ಬೀಗ ತೆರೆಯುವಂತೆ ಮಾಡಿದರು. 1920ರ ದಶಕದ ಮೊದಲರ್ಧದಲ್ಲಿ ಅಂಥ ಬಂದೂಕುಗಳು ತಯಾರಾಗಿ ಪರೀಕ್ಷೆಗೂ ಹೋದವು.

ಅಷ್ಟರಲ್ಲಿ ಸೇನೆ ತನ್ನ ಕಾಡತೂಸನ್ನೇ ಬದಲಿಸಿತು. ಹೊಸ ಗುಂಡು, ಹೊಸ ಮದ್ದು. ಪ್ರೈಮರ್ ಅಲುಗದಂತೆ ಅದರ ಸುತ್ತ ಬಿಗಿಯಾಗಿ ಒತ್ತುವ ಪದ್ಧತಿಯೂ ಬಂತು. ಪ್ರೈಮರ್ ಅಲುಗದಿದ್ದರೆ ಗ್ಯಾರಂಡ್ ಬಂದೂಕು ಕೆಲಸ ಮಾಡುವುದಿಲ್ಲ! ವರ್ಷಗಳ ದುಡಿಮೆ ಮೂಲೆ ಸೇರಿತು.

ಹೊಸದಾಗಿ ಶುರುಮಾಡಿದರು. ಈ ಸಲ ಬ್ಯಾರಲ್ ಒಳಗಿನ ಬಿಸಿ ಅನಿಲವನ್ನೇ ನೆಚ್ಚಿಕೊಂಡರು. ಗುಂಡನ್ನು ತಳ್ಳಿಕೊಂಡು ಬರುವ ಅನಿಲದಲ್ಲಿ ಸ್ವಲ್ಪವನ್ನು ಬ್ಯಾರಲ್‌ನ ತುದಿಯಲ್ಲಿ ಹಿಡಿದು, ಅದರ ಒತ್ತಡದಿಂದ ಉದ್ದನೆಯ ಸರಳೊಂದನ್ನು ಹಿಂದಕ್ಕೆ ತಳ್ಳಿಸಿ, ಬೋಲ್ಟ್ ತೆರೆಯುವ ವಿಧಾನ. ಎಂ1 ರೈಫಲ್‌ನ ಹೃದಯ ಇದೇ.

.276 ಎಂಬ ಚಿಕ್ಕ ಗುಂಡಿನ ದೊಡ್ಡ ಆಸೆ

ಇಲ್ಲಿ ಇನ್ನೊಬ್ಬ ಜಾನ್ ಬರುತ್ತಾರೆ. ಜಾನ್ ಪೆಡರ್ಸನ್ ಆಗಲೇ ಹೆಸರು ಮಾಡಿದ್ದ ಬಂದೂಕು ತಜ್ಞ. ರೆಮಿಂಗ್ಟನ್ ಕಂಪನಿಗೆ ಹಲವು ಬಂದೂಕುಗಳನ್ನು ರೂಪಿಸಿಕೊಟ್ಟವರು. 1923ರಲ್ಲಿ ಅವರು ಸೇನೆಯ ಮುಂದೆ ಒಂದು ವಾದ ಇಟ್ಟರು. ಈಗಿರುವ .30 ಗುಂಡು ಅರೆ ಸ್ವಯಂಚಾಲಿತ ರೈಫಲ್‌ಗೆ ಬೇಕಾದ್ದಕ್ಕಿಂತ ಹೆಚ್ಚು ಬಲಶಾಲಿ, ಮೊದಲು ಚಿಕ್ಕ ಕಾಡತೂಸು ಮಾಡೋಣ, ಆಮೇಲೆ ಅದಕ್ಕೆ ತಕ್ಕ ರೈಫಲ್ ಕಟ್ಟೋಣ ಎಂಬುದು ಆ ವಾದ. ಸೇನೆ ಒಪ್ಪಿತು. ಸ್ಪ್ರಿಂಗ್‌ಫೀಲ್ಡ್‌ನಲ್ಲೇ ಅವರಿಗೆ ಜಾಗ ಕೊಟ್ಟಿತು. ರೈಫಲ್ ಆಯ್ಕೆಯಾದರೆ ರಾಯಲ್ಟಿ ಕೊಡುವ ಮಾತೂ ಇತ್ತು. ಸಂಬಳಕ್ಕೆ ದುಡಿಯುತ್ತಿದ್ದ ಗ್ಯಾರಂಡ್‌ಗೆ ಆ ಭಾಗ್ಯ ಇರಲಿಲ್ಲ.

ಕ್ಯಾಲಿಬರ್ ಎಂದರೆ ಬ್ಯಾರಲ್ ರಂಧ್ರದ ಅಗಲ. .30 ಎಂದರೆ ಇಂಚಿನ ನೂರರಲ್ಲಿ ಮೂವತ್ತು ಭಾಗ, ಅಂದರೆ 7.62 ಮಿ.ಮೀ. .276 ಎಂದರೆ ಸುಮಾರು 7 ಮಿ.ಮೀ. ಕೇಳಲು ಕೂದಲೆಳೆ ವ್ಯತ್ಯಾಸ. ಆದರೆ ಚಿಕ್ಕ ಕಾಡತೂಸಿನಲ್ಲಿ ಮದ್ದು ಕಡಿಮೆ, ತೂಕ ಕಡಿಮೆ, ಹೆಗಲಿಗೆ ಬೀಳುವ ಒದೆತ ಕಡಿಮೆ, ಬ್ಯಾರಲ್ ಕಾಯುವುದೂ ಕಡಿಮೆ. ಸೈನಿಕ ಅದೇ ಭಾರದಲ್ಲಿ ಹೆಚ್ಚು ಗುಂಡು ಹೊರಬಹುದು. ಬಂದೂಕಿನ ಒಳಭಾಗಗಳ ಮೇಲೆ ಬೀಳುವ ಪೆಟ್ಟೂ ಹಗುರ, ಹಾಗಾಗಿ ಬಂದೂಕನ್ನೂ ಹಗುರವಾಗಿ ಮಾಡಬಹುದು.

ಚಿಕ್ಕ ಗುಂಡು ಯುದ್ಧದಲ್ಲಿ ಸಾಕಾಗುತ್ತದೆಯೇ? ಅದನ್ನು ತಿಳಿಯಲು 1928ರಲ್ಲಿ ಅರಿವಳಿಕೆ ಕೊಟ್ಟ ಹಂದಿಗಳ ಮೇಲೆ ಮೂರು ಕ್ಯಾಲಿಬರ್‌ಗಳ ಗುಂಡು ಹಾರಿಸಿ ನೋಡಿದರು. ಸೇನಾ ಇತಿಹಾಸದಲ್ಲಿ ಇದಕ್ಕೆ ಪಿಗ್ ಬೋರ್ಡ್ ಎಂದೇ ಹೆಸರು. ಸಾಮಾನ್ಯ ಕಾಳಗದ ದೂರಗಳಲ್ಲಿ ಚಿಕ್ಕ ಗುಂಡುಗಳು ದೊಡ್ಡದಕ್ಕಿಂತ ಹಿಂದೆ ಬೀಳಲಿಲ್ಲ. ಮುಂದೆ ಮೇಕೆಗಳ ಮೇಲೂ ಪರೀಕ್ಷೆ ನಡೆಯಿತು. .276 ಪರ ಗಾಳಿ ಬೀಸಿತು.

ಆದರೆ ಪೆಡರ್ಸನ್ ರೈಫಲ್‌ಗೆ ಒಂದು ತೊಡಕಿತ್ತು. ಅದರ ಕಾಡತೂಸುಗಳಿಗೆ ತೆಳುವಾಗಿ ಮೇಣ ಸವರಿರಬೇಕಿತ್ತು. ಇಲ್ಲದಿದ್ದರೆ ಖಾಲಿ ಕಾಡತೂಸು ಸಲೀಸಾಗಿ ಹೊರಬರುವುದು ಕಷ್ಟ. ಗ್ಯಾರಂಡ್ ತಮ್ಮ ಅನಿಲ ಚಾಲಿತ ರೈಫಲ್ ಅನ್ನು ಅದೇ .276 ಕಾಡತೂಸಿಗೆ ಹೊಂದಿಸಿದರು. ಮೇಣ ಬೇಕಿರಲಿಲ್ಲ, ಒಮ್ಮೆಗೆ 10 ಗುಂಡು ತುಂಬಬಹುದಿತ್ತು. ಟಿ3ಇ2 ಎಂಬ ಹೆಸರಿನ 20 ರೈಫಲ್‌ಗಳು 1931ರಲ್ಲಿ ಪೆಡರ್ಸನ್ ರೈಫಲ್‌ಗಳಿಗೆ ಎದುರಾಗಿ ನಿಂತವು. ಗ್ಯಾರಂಡ್ ರೈಫಲ್ ಸ್ಪಷ್ಟವಾಗಿ ಗೆದ್ದಿತು. ಪೆಡರ್ಸನ್ ಕಂಡುಹಿಡಿದ ಕಾಡತೂಸಿನಿಂದಲೇ ಪೆಡರ್ಸನ್ ಸೋತರು.

ಬಿರುಕುಬಿಟ್ಟ ಬೋಲ್ಟ್, ಮೆಕಾರ್ಥರ್ ತೀರ್ಮಾನ

ಇಷ್ಟಾದರೂ ಗ್ಯಾರಂಡ್ .30 ಕ್ಯಾಲಿಬರ್ ಅನ್ನು ಪೂರ್ತಿ ಬಿಟ್ಟಿರಲಿಲ್ಲ. 1929ರ ಪರೀಕ್ಷೆಗಳ ನಂತರ ಆ ಮಾದರಿಯ ಕೆಲಸವನ್ನೂ ಮುಂದುವರಿಸುವಂತೆ ಸೇನೆ ಹೇಳಿತ್ತು. ಹಾಗೆ ತಯಾರಾದ ಒಂದೇ ಒಂದು ರೈಫಲ್ 1931ರ ಪರೀಕ್ಷೆಯಲ್ಲೂ ಇತ್ತು. ಅಕ್ಟೋಬರ್ 9ರಂದು ಅದರ ಬೋಲ್ಟ್ ಬಿರುಕುಬಿಟ್ಟಿತು. ದೊಡ್ಡ ಕಾಡತೂಸಿನ ಹೊಡೆತ ತಾಳದೆ ಅದನ್ನು ಹಿಂತೆಗೆಯಬೇಕಾಯಿತು.

1932ರ ಜನವರಿ 4ರಂದು ಮಂಡಳಿ ಸಭೆ ಸೇರಿ .276 ಕ್ಯಾಲಿಬರ್ ಒಪ್ಪಿಕೊಳ್ಳಬೇಕು, ಸುಮಾರು 125 ರೈಫಲ್ ತಯಾರಿಸಬೇಕು ಎಂದು ಶಿಫಾರಸು ಮಾಡಿತು. ಇತ್ತ ಗ್ಯಾರಂಡ್ ಸುಮ್ಮನೆ ಕೂರಲಿಲ್ಲ. ಬಿರುಕುಬಿಟ್ಟ ಬೋಲ್ಟನ್ನು ಹೊಸದಾಗಿ ವಿನ್ಯಾಸ ಮಾಡಿ .30 ರೈಫಲ್ ಅನ್ನು ಮತ್ತೆ ಪರೀಕ್ಷೆಗೆ ಒಡ್ಡಿದರು. ಅದು ಪಾಸಾಯಿತು.

ಆಗ ಸೇನಾ ಮುಖ್ಯಸ್ಥರಾಗಿದ್ದವರು ಜನರಲ್ ಡಗ್ಲಾಸ್ ಮೆಕಾರ್ಥರ್. ಕ್ಯಾಲಿಬರ್ ಬದಲಾವಣೆ ಬೇಡವೆಂದು ಖುದ್ದು ಅವರೇ ತೀರ್ಮಾನಿಸಿದರು. ಮುಖ್ಯ ಕಾರಣ ಉಗ್ರಾಣಗಳಲ್ಲಿದ್ದ .30 ಗುಂಡುಗಳ ಭಾರಿ ದಾಸ್ತಾನು. ಆರ್ಥಿಕ ಮಹಾಕುಸಿತದ ಕಾಲ ಬೇರೆ, ಕೈಯಲ್ಲಿ ಕಾಸಿಲ್ಲ. ಸೇನೆಯ ಮೆಷಿನ್ ಗನ್‌ಗಳೂ .30 ಗುಂಡನ್ನೇ ನುಂಗುತ್ತಿದ್ದವು. ರೈಫಲ್‌ಗೊಂದು, ಮೆಷಿನ್ ಗನ್‌ಗೊಂದು ಎಂದು ಎರಡು ಬಗೆಯ ಗುಂಡು ಸಾಗಿಸುವುದೆಂದರೆ ಯುದ್ಧಭೂಮಿಯಲ್ಲಿ ದೊಡ್ಡ ತಲೆನೋವು.

ಚಿಕ್ಕ ಗುಂಡು ಒಳ್ಳೆಯದೋ ಕೆಟ್ಟದ್ದೋ ಎಂಬುದಕ್ಕಿಂತ ಉಗ್ರಾಣದಲ್ಲಿ ಏನಿದೆ ಎಂಬುದು ಮೇಲಾಯಿತು. ಅದನ್ನು ದಡ್ಡತನ ಎನ್ನಲಾಗದು. ಗುಂಡು ಸಿಗದ ಒಳ್ಳೆಯ ರೈಫಲ್‌ಗಿಂತ ಗುಂಡು ಸಿಗುವ ಸಾಧಾರಣ ರೈಫಲ್ ಸೈನಿಕನಿಗೆ ಮೇಲು. ಆದರೆ ಅದರ ಬೆಲೆ ತೆತ್ತದ್ದೂ ಸೈನಿಕನೇ. 10 ಗುಂಡಿನ ಜಾಗದಲ್ಲಿ 8, ಹೆಚ್ಚಿನ ಒದೆತ, ಹೆಚ್ಚಿನ ಭಾರ. ಅಂತಿಮವಾಗಿ ಎಂ1 ರೈಫಲ್ ತೂಗಿದ್ದು ಸುಮಾರು 4.3 ಕೆ.ಜಿ.

ಗ್ಯಾರಂಡ್ ಪಾಲಿಗೆ ಇದು ಗೆಲುವೂ ಹೌದು, ಸೋಲೂ ಹೌದು. ಪೆಡರ್ಸನ್ ಬಳಿ .276 ಬಿಟ್ಟರೆ ಬೇರೆ ರೈಫಲ್ ಇರಲಿಲ್ಲ, ಹಾಗಾಗಿ ಆಟದಿಂದ ಹೊರಗೆ ಹೋದರು. ಎರಡೂ ಕ್ಯಾಲಿಬರ್‌ನಲ್ಲಿ ಕೆಲಸ ಮಾಡಿಟ್ಟಿದ್ದ ಗ್ಯಾರಂಡ್ ಉಳಿದರು. ಆದರೆ ಗೆದ್ದ ಬಂದೂಕನ್ನು ಕಪಾಟಿಗೆ ಸೇರಿಸಿ, ಕಷ್ಟದ ದಾರಿಯಲ್ಲಿ ಮತ್ತೆ ನಾಲ್ಕು ವರ್ಷ ನಡೆಯಬೇಕಾಯಿತು.

24 ಇಂಚಿನ ಲೆಕ್ಕ

ಇನ್ನು ಬ್ಯಾರಲ್ ಉದ್ದದ ವಿಷಯ. ಬ್ಯಾರಲ್ ಉದ್ದವಿದ್ದಷ್ಟೂ ಉರಿಯುವ ಮದ್ದಿನ ಅನಿಲ ಗುಂಡನ್ನು ಹೆಚ್ಚು ಹೊತ್ತು ತಳ್ಳುತ್ತದೆ, ವೇಗ ಹೆಚ್ಚುತ್ತದೆ. ಗಿಡ್ಡವಾದರೆ ಹೊರಲು, ತಿರುಗಿಸಲು ಸಲೀಸು. ಆದರೆ ವೇಗ ತಗ್ಗುತ್ತದೆ. ಪೂರ್ತಿ ಉರಿಯದ ಮದ್ದು ಬಾಯಿಯ ಹೊರಗೆ ಉರಿದು ಬೆಂಕಿ ಉಗುಳುತ್ತದೆ, ಸದ್ದು ಕಿವಿ ಒಡೆಯುವಂತಿರುತ್ತದೆ.

19ನೇ ಶತಮಾನದ ಕೊನೆಯಲ್ಲಿ ಅಮೆರಿಕ ಸೇನೆಯ ಕ್ರಾಗ್ ರೈಫಲ್ ಎರಡು ಬಗೆಯಲ್ಲಿತ್ತು. ಕಾಲಾಳುಗಳಿಗೆ 30 ಇಂಚಿನ ಬ್ಯಾರಲ್, ಕುದುರೆ ಸವಾರರಿಗೆ 22 ಇಂಚಿನದು. 1903ರಲ್ಲಿ ಎರಡಕ್ಕೂ ಸೇರಿಸಿ 24 ಇಂಚಿನ ಒಂದೇ ರೈಫಲ್ ಸಾಕೆಂದು ತೀರ್ಮಾನವಾಯಿತು. .30 ಕಾಡತೂಸಿಗೂ ಆ ಉದ್ದ ಒಗ್ಗಿಹೋಗಿತ್ತು. ಎಂ1 ರೈಫಲ್‌ಗೂ ಕೊನೆಗೆ ಅದೇ 24 ಇಂಚು ಬಂತು.

ಆದರೆ ನೇರವಾಗಿ ಅಲ್ಲ. ಮೊದಲು ತಯಾರಾದ ಎಂ1ಗಳಲ್ಲಿ ಬ್ಯಾರಲ್ ಸ್ವಲ್ಪ ಗಿಡ್ಡವಿತ್ತು. ಅದರ ಬಾಯಿಗೆ ಟೋಪಿಯಂಥ ಒಂದು ಭಾಗ ಕೂಡಿಸಿ, ಗುಂಡು ಬ್ಯಾರಲ್ ದಾಟಿದ ಮೇಲೆ ಹೊರಬರುವ ಅನಿಲವನ್ನು ಅಲ್ಲಿ ಹಿಡಿಯುತ್ತಿದ್ದರು. ಬ್ಯಾರಲ್‌ಗೆ ರಂಧ್ರ ಕೊರೆಯುವುದು ಸೇನೆಗೆ ಇಷ್ಟವಿರಲಿಲ್ಲ, ಅದಕ್ಕೇ ಈ ಸುತ್ತುಬಳಸು. ಬಳಕೆಗೆ ಬಂದ ಮೇಲೆ ಆ ಟೋಪಿಯೇ ತೊಂದರೆಯ ಮೂಲವಾಯಿತು. ಒಳಗೆ ಮಸಿ ಕಟ್ಟುತ್ತಿತ್ತು, ಶುಚಿ ಮಾಡಲು ಕಷ್ಟ, ಗಟ್ಟಿತನವೂ ಸಾಲದು. ಕೊನೆಗೆ ಬ್ಯಾರಲ್ ಅನ್ನೇ 24 ಇಂಚಿಗೆ ಚಾಚಿ, ಬಾಯಿಯ ಹತ್ತಿರ ಪುಟ್ಟ ರಂಧ್ರ ಕೊರೆದು ಅಲ್ಲಿಂದ ಅನಿಲ ಪಡೆಯುವಂತೆ ಬದಲಿಸಿದರು. 1940ರ ಹೊತ್ತಿಗೆ ಹೊಸ ರೈಫಲ್‌ಗಳು ಹಾಗೆಯೇ ಹೊರಬಂದವು. ಮುಂಚೆ ತಯಾರಾಗಿದ್ದವುಗಳಲ್ಲಿ ಹೆಚ್ಚಿನವನ್ನೂ ನಂತರ ಹೀಗೇ ಮಾರ್ಪಡಿಸಲಾಯಿತು.

ಹತ್ತರಿಂದ ಲಕ್ಷಕ್ಕೆ

1934ರಲ್ಲಿ 75 ರೈಫಲ್‌ಗಳನ್ನು ಸೈನಿಕರ ಕೈಗೆ ಕೊಟ್ಟು ನೋಡಿದರು. ದೂರುಗಳ ಪಟ್ಟಿ ಉದ್ದವಾಗಿತ್ತು. ಮತ್ತೆ ತಿದ್ದುಪಡಿ. 1936ರ ಜನವರಿ 9ರಂದು ಎಂ1 ಅಧಿಕೃತವಾಗಿ ಸೇನೆಯ ರೈಫಲ್ ಆಯಿತು. 1937ರ ಸೆಪ್ಟೆಂಬರ್‌ನಲ್ಲಿ ತಯಾರಿಕೆ ಶುರುವಾದಾಗ ದಿನಕ್ಕೆ ಹತ್ತು ರೈಫಲ್. ಅದನ್ನು ಸಾಮೂಹಿಕವಾಗಿ ತಯಾರಿಸಲು ಬೇಕಾದ ಉಪಕರಣ, ಯಂತ್ರಗಳ ವಿನ್ಯಾಸದಲ್ಲೂ ಗ್ಯಾರಂಡ್ ಕೈಯಿತ್ತು. ಗಿರಣಿಯಲ್ಲಿ ಕಲಿತ ವಿದ್ಯೆ ಇಲ್ಲಿ ಕೆಲಸಕ್ಕೆ ಬಂತು. ಎರಡು ವರ್ಷದಲ್ಲಿ ದಿನಕ್ಕೆ ನೂರು, 1941ರ ಜನವರಿ ಹೊತ್ತಿಗೆ ಆರುನೂರು.

ನಡುವೆ ಟೀಕೆಯೂ ಕೇಳಿಬಂತು. ಕ್ಲಿಪ್‌ನ ಏಳನೇ ಗುಂಡು ಸಿಕ್ಕಿಹಾಕಿಕೊಳ್ಳುವ ತೊಂದರೆ ಕಾಣಿಸಿತು. ಹುಡುಕಿದಾಗ ಅದು ವಿನ್ಯಾಸದ ತಪ್ಪಲ್ಲ, ತಯಾರಿಕೆಯಲ್ಲಿ ಲೋಹ ಕೊರೆಯುವಾಗ ಆದ ತಪ್ಪೆಂದು ತಿಳಿದು ಸರಿಪಡಿಸಿದರು. ಮೆಲ್ವಿನ್ ಜಾನ್ಸನ್ ಎಂಬ ಇನ್ನೊಬ್ಬ ವಿನ್ಯಾಸಕಾರ ತಮ್ಮ ರೈಫಲ್ ಹಿಡಿದು ಸ್ಪರ್ಧೆಗೆ ಬಂದರು. ಪತ್ರಿಕೆಗಳಲ್ಲಿ, ಸಂಸತ್ತಿನಲ್ಲಿ ಚರ್ಚೆಯಾಯಿತು. ಎಂ1 ಉಳಿದುಕೊಂಡಿತು.

ಎಂ1 ಮೊದಲು ಯುದ್ಧ ಕಂಡದ್ದು ಫಿಲಿಪ್ಪೀನ್ಸ್‌ನಲ್ಲಿ, 1941ರ ಕೊನೆ ಮತ್ತು 1942ರ ಆರಂಭದಲ್ಲಿ. ಜಪಾನ್ ದಾಳಿಯನ್ನು ಎದುರಿಸುತ್ತಿದ್ದ ಆ ಸೇನೆಯ ದಂಡನಾಯಕ ಯಾರು ಗೊತ್ತೇ? ಅದೇ ಡಗ್ಲಾಸ್ ಮೆಕಾರ್ಥರ್. ಹತ್ತು ವರ್ಷ ಹಿಂದೆ ಆ ರೈಫಲ್‌ನ ಕ್ಯಾಲಿಬರ್ ತೀರ್ಮಾನಿಸಿದ್ದ ವ್ಯಕ್ತಿಯ ಸೈನಿಕರೇ ಅದನ್ನು ಮೊದಲು ರಣರಂಗದಲ್ಲಿ ಬಳಸಿದರು. ಧೂಳು, ಮಣ್ಣಿನ ನಡುವೆಯೂ ರೈಫಲ್ ಚೆನ್ನಾಗಿ ನಡೆಯಿತೆಂದು ಬಟಾನ್‌ನಿಂದ ಅವರು ವರದಿ ಕಳುಹಿಸಿದರು.

ಎರಡನೇ ಮಹಾಯುದ್ಧದಲ್ಲಿ ಜರ್ಮನಿ, ಸೋವಿಯತ್ ಒಕ್ಕೂಟಗಳಲ್ಲೂ ಅರೆ ಸ್ವಯಂಚಾಲಿತ ರೈಫಲ್‌ಗಳಿದ್ದವು. ಆದರೆ ತನ್ನ ಸಾಮಾನ್ಯ ಕಾಲಾಳಿಗೆಲ್ಲ ಅಂಥ ರೈಫಲ್ ಕೊಟ್ಟ ದೇಶ ಅಮೆರಿಕ ಒಂದೇ. ಯುದ್ಧ ಮುಗಿಯುವಷ್ಟರಲ್ಲಿ ಸ್ಪ್ರಿಂಗ್‌ಫೀಲ್ಡ್ ಮತ್ತು ವಿಂಚೆಸ್ಟರ್ ಸೇರಿ ಸುಮಾರು 40 ಲಕ್ಷ ಎಂ1 ತಯಾರಿಸಿದ್ದವು. ಜಪಾನ್ ಅದನ್ನು ನಕಲು ಮಾಡಲು ಹೊರಟು, ಕೆಲವನ್ನು ಮಾಡುವಷ್ಟರಲ್ಲಿ ಸೋತುಹೋಯಿತು. ಜನರಲ್ ಪ್ಯಾಟನ್ ಎಂ1 ಅನ್ನು ಯುದ್ಧಕ್ಕೆಂದು ಆವರೆಗೆ ತಯಾರಾದ ಸಾಧನಗಳಲ್ಲೇ ಶ್ರೇಷ್ಠವೆಂದು ಹೊಗಳಿ 1945ರಲ್ಲಿ ಪತ್ರ ಬರೆದರು.

18 ಇಂಚಿಗೆ ಇಳಿಸಿದಾಗ

ಪೆಸಿಫಿಕ್ ದ್ವೀಪಗಳ ದಟ್ಟ ಕಾಡಿನಲ್ಲಿ ಹೋರಾಡುತ್ತಿದ್ದ ಸೈನಿಕರಿಗೆ, ವಿಮಾನದಿಂದ ಧುಮುಕುವ ಪಡೆಗಳಿಗೆ 24 ಇಂಚು ಉದ್ದವೆನಿಸಿತು. ಬ್ಯಾರಲ್ ಗಿಡ್ಡ ಮಾಡಬಹುದೇ ಎಂಬ ಪ್ರಶ್ನೆ ಮತ್ತೆ ಎದ್ದಿತು. 1944ರಲ್ಲಿ 18 ಇಂಚಿನ ಬ್ಯಾರಲ್, ಮಡಚುವ ಹಿಂಭಾಗ ಇರುವ ಎಂ1ಇ5 ಎಂಬ ಮಾದರಿ ಸಿದ್ಧವಾಯಿತು. ಗುರಿ ಪರವಾಗಿಲ್ಲ, ಹೊರಲೂ ಸಲೀಸು. ಆದರೆ ಬಾಯಿಯಿಂದ ಚಿಮ್ಮುವ ಬೆಂಕಿ, ಸದ್ದು ಮಿತಿಮೀರಿತ್ತು. 24 ಇಂಚಿಗೆಂದು ಹದಗೊಳಿಸಿದ ಕಾಡತೂಸು 18 ಇಂಚಿನಲ್ಲಿ ಸಿಟ್ಟಾಗಿತ್ತು.

1945ರಲ್ಲಿ ಮಾಮೂಲಿ ಮರದ ಹಿಂಭಾಗವಿರುವ 18 ಇಂಚಿನ ಟಿ26 ಎಂಬ ಮಾದರಿಗೆ ಬೇಡಿಕೆ ಬಂತು. 15 ಸಾವಿರ ತಯಾರಿಸಲು ಆದೇಶವೂ ಆಯಿತು. ಅಷ್ಟರಲ್ಲಿ ಯುದ್ಧ ಮುಗಿದು ಆದೇಶ ರದ್ದಾಯಿತು. ಟ್ಯಾಂಕರ್ ಗ್ಯಾರಂಡ್ ಎಂಬ ಹೆಸರಿನಲ್ಲಿ ಬಂದೂಕು ಪ್ರಿಯರು ಇಂದಿಗೂ ನೆನೆಯುವುದು ಇದನ್ನೇ. ಟ್ಯಾಂಕ್ ಪಡೆಗೂ ಅದಕ್ಕೂ ಸಂಬಂಧ ಇರಲೇ ಇಲ್ಲ!

ಒಂದು ಡಾಲರ್ ರಾಯಲ್ಟಿಯೂ ಇಲ್ಲ

1936ರ ಜನವರಿಯಲ್ಲಿ ಗ್ಯಾರಂಡ್ ತಮ್ಮ ಆವಿಷ್ಕಾರಗಳ ಹಕ್ಕನ್ನೆಲ್ಲ ಅಮೆರಿಕ ಸರ್ಕಾರಕ್ಕೆ ಬರೆದುಕೊಟ್ಟರು. ಮುಂದೆ ಕೊರಿಯಾ ಯುದ್ಧದ ಕಾಲದ ತಯಾರಿಕೆಯೂ ಸೇರಿ ಒಟ್ಟು 54 ಲಕ್ಷದಷ್ಟು ಎಂ1 ರೈಫಲ್‌ಗಳಾದವು. ಒಂದಕ್ಕೊಂದು ಡಾಲರ್ ಸಿಕ್ಕಿದ್ದರೂ ದೊಡ್ಡ ಸಿರಿವಂತರಾಗುತ್ತಿದ್ದರು. ಸಿಕ್ಕಿದ್ದು ಸರ್ಕಾರಿ ಸಂಬಳ ಮಾತ್ರ. ಅವರಿಗೆ ಒಂದು ಲಕ್ಷ ಡಾಲರ್ ಕೊಡಬೇಕೆಂದು ಸಂಸತ್ತಿನಲ್ಲಿ ಮಸೂದೆ ಮಂಡನೆಯಾಯಿತು, ಆದರೆ ಅಂಗೀಕಾರವಾಗಲಿಲ್ಲ. 1944ರಲ್ಲಿ ಸರ್ಕಾರ ಮೆಡಲ್ ಫಾರ್ ಮೆರಿಟ್ ಗೌರವ ನೀಡಿತು.

ಮಿತಭಾಷಿ, ಪ್ರಚಾರದಿಂದ ದೂರ. ಮಾತಿನಲ್ಲಿ ಫ್ರೆಂಚ್ ಛಾಯೆ ಕೊನೆಯವರೆಗೂ ಉಳಿದಿತ್ತು. ಐಸ್ ಸ್ಕೇಟಿಂಗ್ ಎಂದರೆ ಪ್ರಾಣ. ಚಳಿಗಾಲದಲ್ಲಿ ಮನೆಯ ಹಜಾರಕ್ಕೇ ನೀರು ಹರಿಸಿ, ಹೆಪ್ಪುಗಟ್ಟಿಸಿ ಅಲ್ಲೇ ಜಾರುತ್ತಿದ್ದರು ಎಂಬ ಕಥೆ ಅವರ ಬಗ್ಗೆ ಪ್ರಚಲಿತ. 42ನೇ ವಯಸ್ಸಿನಲ್ಲಿ, 1930ರಲ್ಲಿ, ಮದುವೆಯಾದರು.

1953ರಲ್ಲಿ ನಿವೃತ್ತಿಯಾಗುವ ಮುನ್ನ ಎಂ1 ಅನ್ನೇ ಬೆಳೆಸಿ, 20 ಗುಂಡಿನ ಮ್ಯಾಗಝಿನ್ ಇರುವ, ಬೇಕಾದಾಗ ಒಂದೇ ಸಮನೆ ಗುಂಡು ಹಾರಿಸಬಲ್ಲ ಮಾದರಿಗಳ ಮೇಲೂ ಕೆಲಸ ಮಾಡಿದ್ದರು. ಅದೇ ಎಳೆ ಮುಂದುವರಿದು 1957ರಲ್ಲಿ 22 ಇಂಚಿನ ಬ್ಯಾರಲ್‌ನ ಎಂ14 ಆಯಿತು. 1968ರಲ್ಲಿ ಸ್ಪ್ರಿಂಗ್‌ಫೀಲ್ಡ್ ಆರ್ಮರಿಗೆ ಬೀಗ ಬಿತ್ತು, ಈಗ ಅಲ್ಲಿ ವಸ್ತುಸಂಗ್ರಹಾಲಯವಿದೆ. 1974ರ ಫೆಬ್ರವರಿ 16ರಂದು, 86ನೇ ವಯಸ್ಸಿನಲ್ಲಿ, ಗ್ಯಾರಂಡ್ ಅದೇ ಊರಿನಲ್ಲಿ ಕೊನೆಯುಸಿರೆಳೆದರು.

ಮುಗಿಯದ ಪ್ರಶ್ನೆ

ಗ್ಯಾರಂಡ್ ಎದುರಿಸಿದ ಪ್ರಶ್ನೆ ಅವರೊಂದಿಗೆ ಮಣ್ಣಾಗಲಿಲ್ಲ. ಎಂ14 ನಂತರ ಅಮೆರಿಕ 5.56 ಮಿ.ಮೀ. ಗುಂಡಿಗೆ, 20 ಇಂಚಿನ ಬ್ಯಾರಲ್‌ನ ಎಂ16 ರೈಫಲ್‌ಗೆ ಬದಲಾಯಿತು. ಆಮೇಲೆ 14.5 ಇಂಚಿನ ಎಂ4 ಬಂತು. 2022ರಲ್ಲಿ ಅಮೆರಿಕ ಸೇನೆ ಹೊಸ ರೈಫಲ್‌ಗೆ 6.8 ಮಿ.ಮೀ. ಗುಂಡನ್ನು ಆರಿಸಿತು. ಅಂದರೆ 90 ವರ್ಷ ಸುತ್ತಿ, 7 ಮಿ.ಮೀ. ಆಸುಪಾಸಿಗೇ ಮರಳಿತು. 1932ರಲ್ಲಿ ನಿಲ್ಲಿಸಿದ ಜಾಗಕ್ಕೆ ಅದು ತೀರಾ ದೂರವಿಲ್ಲ. ಹಾಗೆಂದು ಅದು .276 ಅಲ್ಲ. ಹೊಸ ಕಾಡತೂಸು ಇನ್ನೂ ಹೆಚ್ಚು ಒತ್ತಡದ್ದು, ಗಿಡ್ಡ ಬ್ಯಾರಲ್‌ಗೆಂದೇ ರೂಪಿಸಿದ್ದು.

ಭಾರತವೂ ಈ ಪ್ರಶ್ನೆಯಿಂದ ಹೊರತಲ್ಲ. 1962ರಲ್ಲಿ ಚೀನಾ ವಿರುದ್ಧ ಹೋರಾಡಿದ ನಮ್ಮ ಯೋಧರ ಕೈಯಲ್ಲಿದ್ದದ್ದು .303 ಬೋಲ್ಟ್ ರೈಫಲ್. ಆಮೇಲೆ ಇಶಾಪುರದಲ್ಲಿ ತಯಾರಾದ 7.62 ಮಿ.ಮೀ. ಸ್ವಯಂ ಭರ್ತಿ ರೈಫಲ್ ಬಂತು. ಮುಂದೆ ಗುಂಡು ಚಿಕ್ಕದಾಗಲಿ ಎಂದು 5.56 ಮಿ.ಮೀ. ಇನ್ಸಾಸ್ ಬಂತು. 2019ರಲ್ಲಿ ಮತ್ತೆ 7.62 ಮಿ.ಮೀ.ನ 72,400 ಸಿಗ್ 716 ರೈಫಲ್‌ಗಳಿಗೆ ಒಪ್ಪಂದವಾಯಿತು, ಬ್ಯಾರಲ್ 16 ಇಂಚು. ಇತ್ತ ಅಮೇಠಿಯಲ್ಲಿ ತಯಾರಾಗುವ ಎಕೆ-203ಗೆ ಬೇರೆಯದೇ 7.62 ಕಾಡತೂಸು. ಒಂದು ಉಗ್ರಾಣ, ಹಲವು ಬಗೆಯ ಗುಂಡು. ಮೆಕಾರ್ಥರ್ ಅಂದು ಹೆದರಿದ್ದು ಇದಕ್ಕೇ.

ಯಾವ ಕ್ಯಾಲಿಬರ್ ಶ್ರೇಷ್ಠ, ಯಾವ ಉದ್ದ ಸರಿ ಎಂಬ ವಾದ ಎಲ್ಲೆಡೆ ಇನ್ನೂ ನಡೆದೇ ಇದೆ. ಗ್ಯಾರಂಡ್ ಆ ವಾದಕ್ಕೆ ಇಳಿದವರಲ್ಲ. ಕೊಟ್ಟ ಗುಂಡಿಗೆ ತಕ್ಕ ಬಂದೂಕು ಮಾಡಿದರು, ಗುಂಡು ಬದಲಾದಾಗ ಬಂದೂಕನ್ನೂ ಬದಲಿಸಿದರು. ಗೆದ್ದ ರೈಫಲ್ ಬೇಡವೆಂದು ಮೇಲಿನವರು ಹೇಳಿದ ದಿನ, ಅವರ ಕೆಲಸದ ಮೇಜಿನ ಮೇಲೆ ಇನ್ನೊಂದು ಸಿದ್ಧವಾಗಿತ್ತು.